ಬೋಣಿಯ ಬೆಲೆ

“ಒಂದೇ ಒಂದಾ?”

“ಒಂದೇ ಒಂದು, ಅಮಿತಕ್ಕಾ.”

“ಸರಿಯಾಗಿ ನೋಡು ಮಾರಾಯ. ಮುಂದೆ ಸೊನ್ನೆ ಗಿನ್ನೆ ಇರಬಹುದು.”

ಸುಜಯ ಕಂಪ್ಯೂಟರಿನ ಪರದೆಯನ್ನು ನನ್ನ ಕಡೆಗೆ ತಿರುಗಿಸಿದ. ಭಟ್ಕಳದ ಪಕ್ಕದ ಜಾಲಿಯಲ್ಲಿ, ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ಅವನ ಶೇರು ದಲ್ಲಾಳಿ ಆಫೀಸು. ಕೆಳಗಿನಿಂದ ಬರುವ ಬಿಸಿ ಬ್ರೆಡ್ಡಿನ ವಾಸನೆಗೆ ಅಲ್ಲಿ ಯಾರಿಗೂ ಲೆಕ್ಕದ ಮೇಲೆ ಗಮನ ನಿಲ್ಲುವುದು ಕಷ್ಟ. ನನಗಂತೂ ಬೆಳಗಿನ ತಿಂಡಿಯೂ ಆಗಿರಲಿಲ್ಲ.

ಪರದೆಯ ಮೇಲೆ ಇದ್ದದ್ದು ಒಂದೇ ಸಾಲು. ನೀಲತೀರ ಕೋಲ್ಡ್ ಸ್ಟೋರೇಜ್, ತದಡಿ. ಮಾರ್ಚ್ ತಿಂಗಳ ಕೊನೆಯ ವಾರ. ಮಾರಾಟವಾದ ಬಾಂಡು: ಒಂದು. ಬೆಲೆ ಮಾತ್ರ ಭರ್ಜರಿ, ಮುಖಬೆಲೆಗಿಂತಲೂ ಮೇಲೆ.

“ಅದಕ್ಕೂ ಮೊದಲು?”

“ಎಂತದೂ ಇಲ್ಲ. ಆ ವಾರವೇ ಶೇರು ಪೇಟೆಯ ಪಟ್ಟಿಗೆ ಸೇರಿದ್ದು ಅದು.”

“ಆಮೇಲೆ?”

“ಆಮೇಲೂ ಇಲ್ಲ. ಒಂದು ಮಾರಾಟ ಆಯ್ತು, ಕತೆ ಮುಗೀತು.”

ಆ ಒಂದು ಸಾಲನ್ನು ನೋಡಿ ನನಗೆ ಕುಣಿಯುವಷ್ಟು ಖುಷಿಯಾಯಿತು. ಯಾಕೆಂದರೆ ಅಳಿವೆ ಬ್ಯಾಂಕಿನ ಅಧಿಕಾರಿ ಪ್ರದೀಪ ಹೆಗಡೆ ಈ ಬಾಂಡಿಗೆ ಇಲ್ಲದ ಬೆಲೆ ಸೃಷ್ಟಿಸಿದನೆಂದು ಇವತ್ತು ಸಂಜೆ ಹೊನ್ನಾವರದಲ್ಲಿ ಪೊಲೀಸರಿಗೆ ದೂರು ಹೋಗಲಿತ್ತು. ಅದನ್ನು ತಡೆಯಲು ಅವನ ಹೆಂಡತಿ ಸಂಪದಾ ಪತ್ತೇದಾರಳಾದ ನನ್ನನ್ನು ಗೊತ್ತು ಮಾಡಿದ್ದಳು.

ಮಾರಾಟವೇ ನಡೆದಿಲ್ಲ ಎಂದು ಬ್ಯಾಂಕು ಹೇಳುತ್ತಿತ್ತು. ನಡೆದದ್ದು ಇಲ್ಲಿ ಕಣ್ಣೆದುರಿಗೇ ಇತ್ತು.

ಆದರೆ ಖುಷಿಯ ಹಿಂದೆಯೇ ಕುತೂಹಲ ಬಂದು ಕುಳಿತುಕೊಂಡಿತು. ಈ ಜಗತ್ತಿನಲ್ಲಿ ಯಾರು, ಯಾಕೆ, ಒಂದೇ ಒಂದು ಬಾಂಡು ಕೊಳ್ಳುತ್ತಾರೆ?

ಈ ಬೆಲೆಯ ವ್ಯವಹಾರ ಹೊರಗಿನಿಂದ ಕಂಡಷ್ಟು ಒಣಕಲಲ್ಲ. ಬ್ಯಾಂಕು ತನ್ನ ಕೈಯಲ್ಲಿರುವ ಬಾಂಡು, ಶೇರುಗಳನ್ನು ಕೊಂಡ ಬೆಲೆಯಲ್ಲೇ ಬರೆದಿಟ್ಟು ನೆಮ್ಮದಿಯಾಗಿ ಮಲಗುವ ಹಾಗಿಲ್ಲ. ಮಾರ್ಚ್ ಕೊನೆಗೆ, ಇವತ್ತೇ ಮಾರಿದರೆ ಎಷ್ಟು ಬಂದೀತು ಎಂದು ಲೆಕ್ಕದಲ್ಲಿ ತೋರಿಸಬೇಕು. ಅದನ್ನು ನ್ಯಾಯಸಮ್ಮತ ಮೌಲ್ಯ ಎನ್ನುತ್ತಾರೆ. ಹೆಸರು ಕೇಳಿದರೆ ಎದ್ದು ನಿಂತು ನಮಸ್ಕಾರ ಮಾಡಬೇಕು ಅನ್ನಿಸುತ್ತದೆ.

ಆ ಮೌಲ್ಯಕ್ಕೆ ಮೂರು ಮೆಟ್ಟಿಲು. ತದಡಿಯ ಧಕ್ಕೆಯಲ್ಲಿ, ಅಂದರೆ ದೋಣಿಗಳು ಮೀನು ಇಳಿಸುವ ಕಟ್ಟೆಯಲ್ಲಿ, ಇವತ್ತು ಬಂಗುಡೆ ಹರಾಜಾಗಿದೆ ಎಂದುಕೊಳ್ಳಿ. ನಿಮ್ಮ ಬುಟ್ಟಿಯಲ್ಲೂ ಬಂಗುಡೆಯೇ ಇದ್ದರೆ ಬೆಲೆ ಎಲ್ಲರೂ ಕೂಗಿ ಹೇಳುತ್ತಿರುತ್ತಾರೆ. ಅದು ಮೊದಲನೇ ಮೆಟ್ಟಿಲು. ನಿಮ್ಮದು ಬಂಗುಡೆಯಲ್ಲ, ಅದಕ್ಕೆ ಹತ್ತಿರದ ಮೀನು. ಆಗ ಬಂಗುಡೆಯ ಬೆಲೆ ಹಿಡಿದು ಸ್ವಲ್ಪ ಆಚೀಚೆ ಮಾಡುತ್ತೀರಿ. ಅದು ಎರಡನೆಯದು. ನಿಮ್ಮ ಬುಟ್ಟಿಯಲ್ಲಿರುವ ಮೀನನ್ನು ಆ ಧಕ್ಕೆಯಲ್ಲಿ ಯಾರೂ ಕಂಡೇ ಇಲ್ಲವಾದರೆ ನಿಮ್ಮ ತಲೆಯೇ ಗತಿ. ಆಗ ‘ಇದು ನನ್ನ ಅಂದಾಜು, ಹೀಗೆ ಹೀಗೆ ಲೆಕ್ಕ ಹಾಕಿದೆ’ ಎಂದು ಬಾಯಿಬಿಟ್ಟು ಹೇಳಬೇಕು. ಅದು ಮೂರನೆಯದು. ಜನ ಅಂಥ ಬೆಲೆಯನ್ನು ನಂಬುವ ಮೊದಲು ಎರಡು ಸಲ ಯೋಚಿಸುತ್ತಾರೆ, ಯೋಚಿಸಲೇಬೇಕು.

ಅಳಿವೆ ಬ್ಯಾಂಕಿನ ಬಳಿ ನೀಲತೀರದ ಬಾಂಡುಗಳು ರಾಶಿ ಬಿದ್ದಿದ್ದವು. ಹಿಂದಿನ ವರ್ಷದವರೆಗೂ ಅವು ಮೂರನೇ ಮೆಟ್ಟಿಲಲ್ಲಿ ತಲೆತಗ್ಗಿಸಿ ಕುಳಿತಿದ್ದವು. ಈ ಮಾರ್ಚಿನಲ್ಲಿ ಒಮ್ಮೆಲೇ ಮೊದಲನೇ ಮೆಟ್ಟಿಲಿಗೆ ಜಿಗಿದವು, ಬೆಲೆಯೂ ಜಿಗಿಯಿತು. ಬ್ಯಾಂಕಿನ ಲೆಕ್ಕ ಮೈತುಂಬಿಕೊಂಡು ಕಂಡಿತು, ಜನರಲ್ ಮ್ಯಾನೇಜರ್ ದಿನಕರ ನಾಯಕರಿಗೆ ಇನ್ನೊಂದು ಅವಧಿ ಸಿಕ್ಕಿತು. ಆಮೇಲೆ ನೀಲತೀರ ಬಡ್ಡಿ ಕೊಡುವುದನ್ನು ನಿಲ್ಲಿಸಿತು. ಯಾರೋ ಒಬ್ಬರ ತಲೆ ಬೇಕಾಗಿತ್ತು. ಬೆಲೆ ಬರೆದ ಹಾಳೆಯ ಮೇಲೆ ಸಹಿ ಇದ್ದದ್ದು ಪ್ರದೀಪನದು.

ಪ್ರದೀಪನೋ, ಬಾಯಿ ಬಿಡುವುದಿಲ್ಲ. ಮುಟ್ಟಳ್ಳಿಯ ಅವನ ಬಾಡಿಗೆ ಮನೆಯಲ್ಲಿ ಹಿಂದಿನ ದಿನ ಇಡೀ ಮಧ್ಯಾಹ್ನ ಎದುರಿಗೆ ಕುಳಿತಿದ್ದೆ. ಎರಡು ಲೋಟ ಚಹಾ ಕೊಟ್ಟ, ಒಂದು ಉತ್ತರ ಕೊಡಲಿಲ್ಲ. ಜೈಲಿಗೆ ಹೋಗಲು ಇಷ್ಟು ಸೌಜನ್ಯದಿಂದ ತಯಾರಾದ ಮನುಷ್ಯನನ್ನು ನಾನು ನೋಡಿರಲಿಲ್ಲ.

“ಕೊಂಡದ್ದು ಯಾರು?” ಸುಜಯನನ್ನು ಕೇಳಿದೆ.

“ಅಕ್ಕಾ, ಗಿರಾಕಿಗಳ ಹೆಸರು ಹೇಳಿದ್ರೆ ನನ್ನ ಲೈಸೆನ್ಸ್ ಹೋಗ್ತದೆ.”

“ಹೆಸರು ಯಾರಿಗೆ ಬೇಕು? ಆ ದಿನ ಇಲ್ಲಿ ಎಂತ ನಡೀತು, ಅದನ್ನು ಹೇಳು.”

ಅವನು ಕೀಬೋರ್ಡನ್ನು ಎತ್ತಿ ನನ್ನ ಮೂಗಿನ ಕೆಳಗೆ ಹಿಡಿದ. ಬಲಗಡೆಯ ದೊಡ್ಡ ಕೀಲಿಯ ಅಂಚು ಕೆಂಪಗಿತ್ತು.

“ಕುಂಕುಮ,” ಎಂದ ಸುಜಯ. “ಸ್ಪಿರಿಟ್ ಹಾಕಿ ಒರೆಸಿದೆ, ಹೋಗೂದಿಲ್ಲ. ವಯಸ್ಸಾದ ಹೆಂಗಸು ಒಂದು ಬಂದಿತ್ತು. ಬಲಗಾಲಿಟ್ಟು ಒಳಗೆ ಬಂತು, ಕೀಲಿಗೆ ಕುಂಕುಮ ಹಚ್ತು, ಕಣ್ಣು ಮುಚ್ಚಿ ಒತ್ತಿತು. ಹೊರಗೆ ಮೆಟ್ಟಿಲ ಮೇಲೆ ಯಾರೋ ಕಾಯಿ ಒಡೆದ್ರು. ಕೆಳಗಿನ ಬೇಕರಿಯವ್ರು ನೀರು ಇಳೀತು ಹೇಳಿ ಜಗಳಕ್ಕೆ ಬಂದಿದ್ರು.”

“ಚೌಕಾಸಿ ಮಾಡಿದ್ಲಾ?”

“ಬೆಲೆ ಎಷ್ಟು ಅಂತನೇ ಕೇಳ್ಲಿಲ್ಲ!”

ನನಗೆ ನಗು ತಡೆಯಲಾಗಲಿಲ್ಲ. ಬೋಣಿ! ಇದು ಬೋಣಿಯಲ್ಲದೆ ಮತ್ತೇನು?

ನಮ್ಮ ಕಡೆ ಹೊಸ ದೋಣಿ ನೀರಿಗಿಳಿದು ಮೊದಲ ಮೀನು ತಂದಾಗ, ಹೊಸ ಅಂಗಡಿ ಬಾಗಿಲು ತೆರೆದಾಗ, ಕೈಗುಣ ಒಳ್ಳೆಯದಿದ್ದವರನ್ನು ಕರೆದು ಮೊದಲ ವ್ಯಾಪಾರ ಮಾಡಿಸುತ್ತಾರೆ. ಅವರು ಬೆಲೆ ಕೇಳುವುದಿಲ್ಲ, ಕಡಿಮೆ ಮಾಡು ಎನ್ನುವುದಿಲ್ಲ. ಹೇಳಿದ್ದಕ್ಕೆ ಕೊಟ್ಟು, ಹರಸಿ, ಎದ್ದು ಹೋಗುತ್ತಾರೆ. ನಿಜವಾದ ಬೆಲೆ ಶುರುವಾಗುವುದು ಎರಡನೇ ಗಿರಾಕಿಯಿಂದ. ಬೋಣಿಯ ಬೆಲೆ ಹಿಡಿದು ಇಡೀ ಮಾಲಿಗೆ ಬೆಲೆ ಕಟ್ಟುವ ಪೆದ್ದ ನಮ್ಮ ಮೂರು ತಾಲೂಕುಗಳಲ್ಲಿ ಸಿಗಲಿಕ್ಕಿಲ್ಲ. ಆದರೆ ಪರದೆಯ ಮೇಲೆ ಬೆಲೆಯೊಂದೇ ಕಾಣುತ್ತದೆ, ಕುಂಕುಮ ಕಾಣುವುದಿಲ್ಲ. ಬ್ಯಾಂಕಿನವರು ಅದೇ ಬೆಲೆ ಕಟ್ಟಿಬಿಟ್ಟಿದ್ದರು.

ಅಂಥ ಕೈಗುಣದ ಹೆಂಗಸು ಯಾರೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಪತ್ತೇದಾರಿಕೆಗೆ ಇಳಿಯುವ ಮೊದಲು ನಾನು ವಿಮಾ ಕಂಪನಿಗೆ ದೋಣಿಗಳ ಸರ್ವೆ ಮಾಡುತ್ತಿದ್ದೆ. ತದಡಿಯ ಗಂಗಿಯನ್ನು ಕರೆಯದೆ ಅಲ್ಲಿ ಯಾವ ದೋಣಿಯ ಮೊದಲ ಬುಟ್ಟಿಯೂ ಮಾರಾಟವಾಗುತ್ತಿರಲಿಲ್ಲ.

“ಅಕ್ಕಾ, ಇನ್ನೊಂದು ಮಾತು...” ಎಂದು ಸುಜಯ ಎದ್ದ.

“ಬಂದು ಕೇಳ್ತೇನೆ,” ಎಂದು ನಾನು ಮೆಟ್ಟಿಲಿಳಿದಾಗಿತ್ತು. ಬೇಕರಿಯಲ್ಲಿ ಎರಡು ಬನ್ನು ಕಟ್ಟಿಸಿಕೊಳ್ಳಲು ಮಾತ್ರ ಮರೆಯಲಿಲ್ಲ.

ಹೊನ್ನಾವರ ದಾಟುವಾಗ ಸಂಪದಾಳ ಫೋನು. ಭಟ್ಕಳದ ಒಂದು ಲ್ಯಾಬಿನಲ್ಲಿ ಅವಳು ರಕ್ತ ಪರೀಕ್ಷೆ ಮಾಡುವವಳು. ಹಿಂದಿನಿಂದ ಯಂತ್ರದ ಗುಂಯ್ ಸದ್ದು ಕೇಳುತ್ತಿತ್ತು.

“ಎಂತ ಆತು ಅಕ್ಕಾ?”

“ಮಾರಾಟ ನಡೆದದ್ದು ನಿಜ. ಕೊಂಡವಳು ಯಾರು ಅಂತಲೂ ಗೊತ್ತಾಯ್ತು.”

ಅವಳು ಯಂತ್ರ ನಿಲ್ಲಿಸಿದ ಸದ್ದು ಕೇಳಿಸಿತು.

“ಅಷ್ಟು ಸಿಕ್ರೆ ಇವ್ರು ಉಳೀತಾರಾ?”

“ಇಲ್ಲದ ಮಾರಾಟವನ್ನು ಹುಟ್ಟಿಸಿದ ಅಂತ ತಾನೇ ದೂರು? ಕೊಂಡವಳನ್ನೇ ಎದುರಿಗೆ ತಂದು ನಿಲ್ಲಿಸಿದ್ರೆ ದೂರು ಎಲ್ಲಿ ನಿಲ್ತದೆ?”

“ಹಾಗಾದ್ರೆ ಅಷ್ಟೇ ಸಾಕು. ಹೆಚ್ಚು ಕೆದಕೂದು ಬೇಡ ಅಕ್ಕಾ. ನಂಗೆ ಇವ್ರು ಜೈಲಿಗೆ ಹೋಗದೆ ಇದ್ರೆ ಸಾಕು.”

ಪಾಪ, ನನ್ನ ಫೀಸಿನ ಚಿಂತೆ ಎಂದುಕೊಂಡೆ. ಸಂಜೆ ಪ್ರದೀಪನನ್ನು ಕರೆದುಕೊಂಡು ಬ್ಯಾಂಕಿಗೆ ಬಾ ಎಂದೆ.

ತದಡಿಯಲ್ಲಿ ಹರಾಜು ಮುಗಿದು ಧಕ್ಕೆ ತೊಳೆದಿದ್ದರು. ಅಘನಾಶಿನಿ ಹೊಳೆಯ ನೀರು ಇಳಿದಿತ್ತು. ಕೆಸರಿನಲ್ಲಿ ಬಳಚಿನ ಚಿಪ್ಪು ಹೆಕ್ಕಿದವರು ಸೊಂಟದವರೆಗೆ ಒದ್ದೆಯಾಗಿ, ಚೀಲ ಹೊತ್ತು ಹತ್ತಿ ಬರುತ್ತಿದ್ದರು. ಗಂಗಕ್ಕ ಮಂಜುಗಡ್ಡೆಯ ಖಾಲಿ ಪೆಟ್ಟಿಗೆಯೊಂದನ್ನು ಬೋರಲು ಹಾಕಿ ಅದರ ಮೇಲೆ ಕುಳಿತು ಎಲೆಯಡಿಕೆಯ ಕವಳ ಹಾಕುತ್ತಿದ್ದಳು. ನನ್ನನ್ನು ಕಂಡದ್ದೇ ಮುಖ ಅರಳಿತು.

“ಕರೂಕೆ ಬಂದ್ಯೇ? ಎಂತ ಶುರು ಮಾಡ್ತಿ? ಅಂಗ್ಡಿಯಾ?”

“ಇಲ್ಲ ಗಂಗಕ್ಕಾ. ಒಂದು ವಿಷಯ ಕೇಳೂಕೆ ಬಂದೆ.”

ಅರಳಿದ ಮುಖ ಮುದುಡಿತು. ಅಡಿಕೆ ಹೋಳನ್ನು ಬಾಯಿಗೆ ಎಸೆದುಕೊಂಡಳು.

“ಈಗ ಯಾರೂ ಕರೂದಿಲ್ಲ ನನ್ನ. ದುರ್ಗಪ್ಪ ಹೊಸ ದೋಣಿ ಇಳ್ಸಿದ. ಅವ್ನ ಅಪ್ಪನ ದೋಣಿಗೂ ಬೋಣಿ ಮಾಡ್ದವ್ಳು ನಾನು. ಈ ಸಲ ನನ್ನ ಬಿಟ್ಟು ಸುಕ್ರಿಯ ಕರ್ದ. ನಾ ಇಲ್ಲೇ ಕೂತಿದ್ದೆ, ನನ್ನ ಮುಂದೇ ಹಾದು ಹೋದ.”

“ಯಾಕೆ?”

“ಆ ಕಾಗದದ ಬೋಣಿ ಮಾಡಿದ್ನಲೆ, ಜಾಲಿಲಿ. ಅದ್ಕೇಯ. ಕಂಪ್ನಿ ಬಡ್ಡಿ ಕೊಡೂದು ನಿಲ್ಸ್ತು. ಗಂಗಿ ಕೈ ಮುಟ್ಟಿದ್ಕೇ ಹಾಳಾತು ಹೇಳಿ ಊರೆಲ್ಲ ಹಬ್ಸ್ಬಿಟ್ರು.”

ನನಗೆ ನಿಜವಾಗಿಯೂ ಬೇಸರವಾಯಿತು. ಬೇರೆಯವರ ಬದುಕಿಗೆ ಒಳ್ಳೆಯದಾಗಲಿ ಎಂದು ಹರಸುವುದೇ ಹೆಮ್ಮೆಯಾಗಿದ್ದವಳನ್ನು ಅಪಶಕುನದ ಹೆಂಗಸು ಮಾಡಿ ಕೂರಿಸಿದ್ದರು.

“ಯಾರು ಕರೆದದ್ದು ನಿನ್ನನ್ನು?”

“ಕಮಲಾಕರ ಒಡೇರು, ಮತ್ಯಾರು? ಅವ್ರ ಐಸ್ ಫ್ಯಾಕ್ಟ್ರಿ ಶುರುವಾದಾಗ್ಲೂ ಮೊದ್ಲ ಐಸು ತಗಂಡವ್ಳು ನಾನೇ. ಕಾರು ಕಳ್ಸಿದ್ರು, ಸೀರೆ ಉಡ್ಸಿದ್ರು. ಕಾಗದ ಒಂದು ಬೋಣಿ ಮಾಡ್ಬೇಕು ಅಂದ್ರು. ಕಾಗದ ಎಲ್ಲದೆ ಅಂದೆ. ಕಂಪ್ಯೂಟರ್ ಒಳ್ಗದೆ ಅಂದ್ರು. ಕಾಣ್ದಿರೋ ಮಾಲಿಗೆ ಬೋಣಿ ಮಾಡ್ದದ್ದು ಅದೇ ಮೊದ್ಲು, ಅದೇ ಕಡೇಗೆ.”

“ದುಡ್ಡು ಯಾರದ್ದು?”

“ಅವ್ರದ್ದೇ. ನನ್ನ ಹೆಸ್ರಿಗೆ ಖಾತೆ ಮಾಡ್ಸಿ, ಅದ್ರಲ್ಲಿ ಹಾಕಿ, ನನ್ನ ಕೈಲಿ ಗುಂಡಿ ಒತ್ಸಿದ್ರು. ನಾ ಹರ್ಸಿ ಬಂದೆ.”

“ಈಗ ಎಲ್ಲಿದ್ದಾರೆ ಅವರು?”

ಗಂಗಕ್ಕ ಕೈಯನ್ನು ಸಮುದ್ರದ ಕಡೆ ಬೀಸಿದಳು. ನೀಲತೀರದ ಮಾಲೀಕ ಕಮಲಾಕರನ ಫೋನು ತಿಂಗಳಿಂದ ಸ್ವಿಚ್ ಆಫ್ ಎಂಬುದು ನನಗೂ ಗೊತ್ತಿತ್ತು.

ನನ್ನ ತಲೆಯಲ್ಲಿ ಎಲ್ಲವೂ ಒಂದಕ್ಕೊಂದು ಕೂಡಿಕೊಂಡಿತು. ಕಮಲಾಕರ ಬೋಣಿಯ ಹೆಸರಿನಲ್ಲಿ ಬೆಲೆಯೊಂದನ್ನು ಹುಟ್ಟಿಸಿದ. ಪ್ರದೀಪ ಪರದೆಯ ಮೇಲೆ ಅದನ್ನು ಕಂಡು, ನಂಬಿ, ಬರೆದ. ಮೋಸ ಹೋದದ್ದು ತಪ್ಪು, ಆದರೆ ಮೋಸ ಹೋದವನಿಗೆ ಯಾರೂ ಕೋಳ ಹಾಕುವುದಿಲ್ಲ. ನಾನು ಇನ್ನೂ ಒಂದೆರಡು ಪ್ರಶ್ನೆ ಕೇಳಬೇಕಾಗಿತ್ತು. ಅಲ್ಲಿ ಬೇರೆ ಯಾರಿದ್ದರು, ಬಾಂಡು ಯಾರ ಕೈಯಿಂದ ಬಂತು, ಇಂಥವು. ಆದರೆ ಉತ್ತರ ಸಿಕ್ಕಿತು ಎಂಬ ಸಂಭ್ರಮದಲ್ಲಿ ಮನುಷ್ಯರಿಗೆ ಪ್ರಶ್ನೆಗಳು ನೆನಪಾಗುವುದಿಲ್ಲ.

“ಗಂಗಕ್ಕಾ, ನನ್ನ ಜೊತೆ ಹೊನ್ನಾವರಕ್ಕೆ ಬರ್ತೀಯಾ? ಇದನ್ನೇ ಬ್ಯಾಂಕಿನವರ ಎದುರಿಗೆ ಹೇಳಬೇಕು.”

“ಬರ್ತೆ,” ಎಂದು ಅವಳು ಎದ್ದೇಬಿಟ್ಟಳು. “ಕೈಗುಣ ಹಾಳಾದ್ದಲ್ಲ, ಮಾಲೇ ಹಾಳು ಇತ್ತು ಹೇಳಿ ನಾಕು ಜನ್ರ ಎದ್ರಿಗೆ ಹೇಳ್ತೆ. ತಡಿ, ಸೀರೆ ಬದ್ಲಾಯ್ಸ್ಕಂಡು ಬರ್ತೆ.”

ಅಳಿವೆ ಬ್ಯಾಂಕಿನ ಹೆಡ್ಡಾಫೀಸಿನಲ್ಲಿ ಎಲ್ಲ ಕುರ್ಚಿಗೂ ಬಿಳಿ ಟವೆಲು. ಜನರಲ್ ಮ್ಯಾನೇಜರ್ ದಿನಕರ ನಾಯಕರು ಬಲು ಮರ್ಯಾದೆಯ ಮನುಷ್ಯ. ಗಂಗಕ್ಕನಿಗೂ ನನಗೂ ಕೋಕಂ ಶರಬತ್ತು ತರಿಸಿ, ಫ್ಯಾನಿನ ಕೆಳಗಿನ ಕುರ್ಚಿ ತೋರಿಸಿದರು. ಮೇಜಿನ ಮೇಲೆ ಟೈಪಾದ ದೂರು ಸಹಿಗೆ ಕಾಯುತ್ತಿತ್ತು. ಒಳಗಿನ ಕೋಣೆಯಲ್ಲಿ ಆಡಳಿತ ಮಂಡಳಿಯವರು ಆಗಲೇ ಸೇರಿದ್ದರು.

ಪ್ರದೀಪ, ಸಂಪದಾ ಇನ್ನೂ ಬಂದಿರಲಿಲ್ಲ. ನಾನು ಕಾಯಲಿಲ್ಲ.

“ಮಾರಾಟವೇ ನಡೆದಿಲ್ಲ ಅಂತ ದೂರಿನಲ್ಲಿ ಬರೆದಿದ್ದೀರಿ, ಸರ್.”

“ಹೌದು ಮೇಡಂ. ಯಾರು ಕೊಳ್ತಾರೆ ಅದನ್ನ? ಒಬ್ಬರ ಹೆಸರು ಹೇಳಿ ನೋಡುವಾ.”

“ನಿಮ್ಮ ಶರಬತ್ತು ಕುಡೀತಾ ಕೂತಿದ್ದಾರಲ್ಲ, ಅವರೇ.”

ದಿನಕರರು ಗಂಗಕ್ಕನನ್ನು ನೋಡಿದರು. ಗಂಗಕ್ಕ ಲೋಟ ಕೆಳಗಿಟ್ಟು ಸೆರಗು ಸರಿಮಾಡಿಕೊಂಡಳು.

“ನಾನೇ, ಸೋಮಿ, ತಗಂಡದ್ದು. ಬೋಣಿ ಮಾಡ್ದೆ. ಕಮಲಾಕರ ಒಡೇರು ಕರ್ದಿದ್ರು, ಹೋದೆ.”

ಅವರ ಮುಖದಲ್ಲಿ ಆಶ್ಚರ್ಯ ಹುಡುಕಿದೆ, ಅಷ್ಟಾಗಿ ಸಿಗಲಿಲ್ಲ. ಅದು ನನಗೆ ಇಷ್ಟವಾಗಲಿಲ್ಲ.

“ಇರಬಹುದು,” ಎಂದರು ನಿಧಾನವಾಗಿ. “ಆದ್ರೆ ಮೇಡಂ, ಬೋಣಿ ಅಂದ್ರೆ ಬೆಲೆಯಾ? ನ್ಯಾಯಸಮ್ಮತ ಮೌಲ್ಯ ಅಂದ್ರೆ ಕೊಳ್ಳುವವರಿಗೆ ಮಾಲು ಏನು ಅಂತ ತಿಳಿದಿರಬೇಕು. ದುಡ್ಡು ಅವರದ್ದಾಗಿರಬೇಕು. ಕೊಳ್ಳುವವರು, ಮಾರುವವರು, ಬರೆಯುವವರು, ಇವರ ನಡುವೆ ನೆಂಟಸ್ತಿಕೆ ಇರಬಾರದು.”

“ಒಪ್ಪಿದೆ. ಅದು ಪೊಳ್ಳು ಬೆಲೆ. ಆದ್ರೆ ಪ್ರದೀಪ ಅದನ್ನು ಹುಟ್ಟಿಸಿಲ್ಲ. ಪರದೆಯ ಮೇಲೆ ಇದ್ದದ್ದನ್ನು ಬರೆದ. ಅದು ಬೋಣಿ ಅಂತ ಅವನಿಗೆ ಹೇಗೆ ಗೊತ್ತಾಗಬೇಕು? ನಿಮ್ಮ ದೂರು ಸುಳ್ಳಾಯ್ತು, ಸರ್. ಬರೆದು ಕೊಟ್ರೆ ಕಷ್ಟ ನಿಮಗೇ.”

ಗೆದ್ದೆ ಅನ್ನಿಸಿತು. ದಿನಕರರು ದೂರಿನ ಹಾಳೆಯನ್ನು ಎತ್ತಿ ಮತ್ತೊಮ್ಮೆ ಓದಿದರು. ಅಷ್ಟರಲ್ಲಿ ಬಾಗಿಲು ತೆರೆಯಿತು. ಪ್ರದೀಪ ಮುಂದೆ, ಸಂಪದಾ ಹಿಂದೆ.

“ಬಾರಪ್ಪ, ನಿನ್ನ ಕಷ್ಟ ಮುಗೀತು,” ಎಂದು ನಾನು ಕುರ್ಚಿ ಎಳೆದೆ.

ಪ್ರದೀಪ ಗಂಗಕ್ಕನನ್ನು ಕಂಡವನು ಅಲ್ಲಿಯೇ ನಿಂತ. ಗಂಗಕ್ಕನ ಮುಖ ಮಾತ್ರ ಪರಿಚಯದವರು ಸಿಕ್ಕ ಸಂತೋಷದಲ್ಲಿ ಬೆಳಗಿತು.

“ಓ ತಮಾ, ನೀನಾ! ಅಮಿತಮ್ಮಾ, ಬೇಕಾದ್ರೆ ಇವ್ನ ಕೇಳು. ಆ ದಿನ ಮೆಟ್ಲ ಮೇಲೆ ಕಾಯಿ ಒಡ್ದದ್ದು ಇವ್ನೇಯ. ಚೂರು ತಿನ್ನೂಕೆ ನಂಗೂ ಕೊಟ್ಟಿದ್ದ.”

ದಿನಕರರು ದೂರಿನ ಹಾಳೆಯನ್ನು ಮತ್ತೆ ಮೇಜಿನ ಮೇಲಿಟ್ಟರು.

ಅವನನ್ನು ಉಳಿಸಲೆಂದು ತಂದ ಸಾಕ್ಷಿ ಅವನ ಕುತ್ತಿಗೆಯನ್ನೇ ಹಿಡಿದಿತ್ತು. ಅದು ಬೋಣಿ ಎಂದು ಪ್ರದೀಪನಿಗೆ ಗೊತ್ತಿತ್ತು. ಅವನು ಅಲ್ಲಿಯೇ ಇದ್ದ!

“ಹಾಗಾದ್ರೆ ಮೇಡಂ ಹೇಳಿದ್ದು ಸರಿ,” ಎಂದರು ದಿನಕರರು, ದನಿ ಒಂದಿಷ್ಟೂ ಏರಿಸದೆ. “ಈ ದೂರು ತಪ್ಪಾಗಿದೆ. ಮಾರಾಟ ನಡೆದಿದೆ. ಅದು ಪೊಳ್ಳು ಅಂತ ಗೊತ್ತಿದ್ದೂ ಬರೆದಿದ್ದಾನೆ. ತಿದ್ದುವಾ.”

“ಪ್ರದೀಪ, ನೀನು ಅಲ್ಲಿ ಯಾಕೆ ಹೋಗಿದ್ದೆ?” ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು.

ಅವನು ನೆಲ ನೋಡಿದ.

“ಬಾಯಿ ಬಿಡು ಮಾರಾಯ! ಜೈಲಿಗೆ ಹೋಗ್ತಿದ್ದೀಯ!”

“ಅವ್ರನ್ನ ಬಯ್ಯಬೇಡಿ, ಅಕ್ಕಾ.”

ಸಂಪದಾ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದಳು. ಗಂಗಕ್ಕ ಈಗ ಅವಳ ಕಡೆಗೆ ತಿರುಗಿ, ಕಣ್ಣು ಕಿರಿದು ಮಾಡಿ, ಇವಳನ್ನು ಎಲ್ಲಿ ನೋಡಿದ್ದೆ ಎಂಬಂತೆ ಬಾಯಿ ತೆರೆದಳು. ಸಂಪದಾ ಅವಳಿಗೆ ಅವಕಾಶ ಕೊಡಲಿಲ್ಲ.

“ಬೆಳಗಿನಿಂದ ಕೊಂಡವರು ಯಾರು, ಕೊಂಡವರು ಯಾರು ಅಂತ ಹುಡುಕಿದ್ರಿ. ಯಾರೋ ಮಾರದೆ ಹೇಗೆ ಕೊಳ್ಳೂದು ಅಂತ ನೀವು ಕೇಳ್ಲಿಲ್ಲ. ಕೇಳದೇ ಇರ್ಲಿ ಅಂತ ನಾನೂ ಬೇಡಿಕೊಂಡೆ.”

“ಸಂಪದಾ...” ಪ್ರದೀಪನ ಮೊದಲ ಮಾತು.

“ಮಾರಿದ್ದು ನಾನು.”

ಪ್ರದೀಪ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. “ಬ್ಯಾಡ ಹೇಳಿ ಎಷ್ಟು ಸಲ ಹೇಳಿದ್ನಿಲ್ಯಾ...”

“ಕಮಲಾಕರ ನನ್ನ ಸೋದರಮಾವ,” ಎಂದಳು ಅವಳು ನನಗೆ. “ಮದುವೇಲಿ ಉಡುಗೊರೆ ಅಂತ ಒಂದಷ್ಟು ಬಾಂಡು ನನ್ನ ಹೆಸರಿಗೆ ಮಾಡಿದ್ದ. ಶಾಸ್ತ್ರಕ್ಕೆ ಒಂದು ಮಾರು ಮಗಾ, ನಿನ್ನ ಕೈಯಿಂದಲೇ ಆಗಲಿ ಅಂದ. ಇವ್ರನ್ನ ಕಾಯಿ ಒಡೀಲಿಕ್ಕೆ ನಾನೇ ಎಳ್ಕೊಂಡು ಹೋದೆ. ಆ ಒಂದು ಬೆಲೆ ನಿಮ್ಮ ಬ್ಯಾಂಕಿನ ರಾಶಿಗೆಲ್ಲ ಅಂಟ್ಕೊಳ್ತದೆ ಅಂತ ನಂಗೆ ಹೇಗೆ ಗೊತ್ತಾಗಬೇಕಿತ್ತು?”

ಒಬ್ಬ ಮನುಷ್ಯ ಇಷ್ಟು ದಿನ ಯಾಕೆ ತುಟಿ ಬಿಚ್ಚಲಿಲ್ಲ ಎಂದು ನನಗೆ ಆಗ ತಿಳಿಯಿತು. ಅವನು ಕಾಯುತ್ತಿದ್ದದ್ದು ತನ್ನ ಕೆಲಸವನ್ನಾಗಲಿ ಮಾನವನ್ನಾಗಲಿ ಅಲ್ಲ, ಹೆಂಡತಿಯ ಹೆಸರನ್ನು. ನಾನು ಹೋಗಿ ಅದನ್ನೇ ಎತ್ತಿ ತಂದು ದಿನಕರರ ಮೇಜಿನ ಮೇಲೆ ಇಟ್ಟಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಪ್ರದೀಪ ಕೈ ಕೆಳಗಿಳಿಸಿದ. ಕಣ್ಣು ಕೆಂಪಾಗಿತ್ತು, ಮಾತು ಮಾತ್ರ ಸ್ಪಷ್ಟವಾಗಿತ್ತು.

“ಇನ್ನು ಮುಚ್ಚಿಡೂದು ಎಂತದೂ ಇಲ್ಲ, ಸರ್. ಮಾರ್ಚಿನಲ್ಲಿ ಇದೇ ಕೋಣೆಗೆ ಬಂದು ನಿಮಗೆ ಹೇಳಿದ್ದೆ. ಇದು ಬೋಣಿ ಬೆಲೆ, ಮಾರಿದ್ದು ನನ್ನ ಹೆಂಡತಿ, ಇದನ್ನು ಹಿಡಿಯೂದು ಬೇಡ, ಮೂರನೇ ಮೆಟ್ಟಿಲಲ್ಲೇ ಇರಲಿ ಅಂದೆ. ನೀವು ಎಂತ ಹೇಳಿದ್ರಿ?”

ದಿನಕರರು ಪೆನ್ನಿನ ಮುಚ್ಚಳ ತೆಗೆಯುತ್ತಿದ್ದರು.

“ನಾನೇ ಹೇಳ್ತೇನೆ. ಪರದೆ ಮೇಲೆ ಬೆಲೆ ಇದೆ, ಅದನ್ನೇ ಬರೆ ಅಂದ್ರಿ. ಬರೆಯದಿದ್ರೆ ನಿನ್ನ ಹೆಂಡತಿಯ ಹೆಸರು ಹೊರಗೆ ಬರ್ತದೆ ಅಂದ್ರಿ.”

ನಾನು ಎದ್ದು ನಿಂತೆ. ಆಗ ಅವರ ಮುಖದಲ್ಲಿ ಆಶ್ಚರ್ಯ ಇರಲಿಲ್ಲ ಯಾಕೆಂದು ಈಗ ಅರ್ಥವಾಗಿತ್ತು. ಗಂಗಿ ಹೊಸಬಳಿರಬಹುದು, ಬೋಣಿ ಅವರಿಗೆ ಹಳೆಯ ಸುದ್ದಿ.

“ಇದು ನಿಜವಾ, ಸರ್?”

ದಿನಕರ ನಾಯಕರು ನನ್ನ ಕಡೆ ನೋಡಲಿಲ್ಲ. ಪ್ರದೀಪನನ್ನು ನೋಡಿ, ಮಗುವಿಗೆ ಲೆಕ್ಕ ಕೇಳುವಷ್ಟು ಮೃದುವಾಗಿ ಕೇಳಿದರು.

“ನಾನು ಹಾಗೆ ಹೇಳುವಾಗ ಕೋಣೆಯಲ್ಲಿ ಬೇರೆ ಯಾರಿದ್ರು ಪ್ರದೀಪ?”

ಪ್ರದೀಪ ಒಳಗಿನ ಕೋಣೆಯ ಬಾಗಿಲ ಕಡೆ ನೋಡಿದ.

“ಯಾರೂ ಇರಲಿಲ್ಲ ಅಲ್ವಾ? ಆದ್ರೆ ನಿನ್ನ ಹೆಂಡತಿ ಈಗ ಹೇಳಿದ್ದನ್ನ ನಾವು ಮೂರು ಜನ ಕೇಳಿದ್ದೇವೆ.”

ಅವರು ದೂರಿನ ಹಾಳೆಯನ್ನು ಮುಂದಕ್ಕೆಳೆದು, ಪ್ರದೀಪನ ಹೆಸರಿನ ಕೆಳಗೆ ಖಾಲಿ ಇದ್ದ ಜಾಗದಲ್ಲಿ ಪೆನ್ನು ಊರಿದರು.

“ಸಂಪದಾ ಅಲ್ವಾ ಅಮ್ಮಾ? ಪೂರ್ತಿ ಹೆಸರು ಹೇಳಿ.”